ಇಂಗ್ಲೆಂಡಿನಲ್ಲಿ ಖಾಸಗಿ ಬಾಡಿಗೆ ಮನೆ: ಸರ್ಕಾರದ ಬಾಡಿಗೆ ನೆರವಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸ ಹೋದಾಗ, ಕಾಯಿಲೆ ಬಿದ್ದಾಗ, ಗಂಡ ಹೆಂಡತಿ ಬೇರೆಯಾದಾಗ ಮೊದಲು ಕಾಡುವುದು ಬಾಡಿಗೆ ಕಟ್ಟುವ ತಾರೀಖು. ನಮ್ಮವರಲ್ಲಿ ಬಹಳ ಮಂದಿ ಮೊದಲ ಎರಡು ಮೂರು ತಿಂಗಳು ಕ್ರೆಡಿಟ್ ಕಾರ್ಡಿನಲ್ಲಿ ತಳ್ಳುತ್ತಾರೆ, ಊರಿನಿಂದ ದುಡ್ಡು ತರಿಸುತ್ತಾರೆ. ಎಲ್ಲ ಬರಿದಾದ ಮೇಲೆ ಅರ್ಜಿ ಹಾಕುತ್ತಾರೆ. ಆಗ ಕಳೆದುಹೋದ ತಿಂಗಳುಗಳ ಹಣ ಸಾಮಾನ್ಯವಾಗಿ ಸಿಗುವುದಿಲ್ಲ. ಈ ಪುಟ ಬರೆದಿರುವುದು ಮುಖ್ಯವಾಗಿ ಅದಕ್ಕೇ. ನಿಮಗೆ ಹಕ್ಕಿದ್ದರೆ ಬೇಗ ಕೇಳಿ. ಹಕ್ಕಿದೆಯೋ ಇಲ್ಲವೋ ಅನ್ನುವ ಅನುಮಾನವಿದ್ದರೆ ಕೇಳುವ ಮೊದಲು ವೀಸಾ ನೋಡಿಕೊಳ್ಳಿ.

ಇಲ್ಲಿರುವ ಮೊತ್ತಗಳು 2025-26ರವು. ಹೆಚ್ಚಿನವು ಪ್ರತಿ ಏಪ್ರಿಲ್‌ನಲ್ಲಿ ಬದಲಾಗುತ್ತವೆ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್‌ಗಳಲ್ಲಿ ಕೆಲವು ನಿಯಮ ಬೇರೆ, ಬಾಡಿಗೆದಾರರ ಕಾನೂನಂತೂ ಪೂರ್ತಿ ಬೇರೆ.

ಬಾಡಿಗೆಗೆ ನೆರವು ಅಂದರೆ ಯಾವುದು? ಯಾರನ್ನು ಕೇಳಬೇಕು?

ದುಡಿಯುವ ವಯಸ್ಸಿನವರಿಗೆ ಯೂನಿವರ್ಸಲ್ ಕ್ರೆಡಿಟ್, ಅಂದರೆ ಆದಾಯ ಕಡಿಮೆ ಇರುವವರಿಗೆ ಸರ್ಕಾರ ತಿಂಗಳಿಗೊಮ್ಮೆ ಕೊಡುವ ಹಣ. ಬಾಡಿಗೆಗೆ ಅಂತ ಬೇರೆ ಅರ್ಜಿ ಇಲ್ಲ. ಯೂನಿವರ್ಸಲ್ ಕ್ರೆಡಿಟ್‌ನಲ್ಲೇ ವಸತಿಗೆ ಒಂದು ಭಾಗ ಇರುತ್ತದೆ. ಅರ್ಜಿಯನ್ನು ಸರ್ಕಾರದ ವೆಬ್‌ಸೈಟಿನಲ್ಲಿ ಹಾಕಬೇಕು. ಕೌನ್ಸಿಲ್ ಕಚೇರಿಗೆ ಹೋದರೆ ಅವರೂ ಅಲ್ಲಿಗೇ ಕಳಿಸುತ್ತಾರೆ.

ಸ್ಟೇಟ್ ಪೆನ್ಷನ್ ವಯಸ್ಸು ದಾಟಿದವರಿಗೆ ಹಳೆಯ ಹೌಸಿಂಗ್ ಬೆನಿಫಿಟ್ ಇನ್ನೂ ಇದೆ. ಅದನ್ನು ಕೊಡುವುದು ಕೌನ್ಸಿಲ್. ಆ ವಯಸ್ಸು 2020ರಿಂದ 66 ಇತ್ತು, 2026ರಿಂದ 2028ರ ನಡುವೆ ಹಂತ ಹಂತವಾಗಿ 67ಕ್ಕೆ ಏರುತ್ತದೆ. ಒಂದು ವಿಷಯ ಗಮನಿಸಿ: ಗಂಡನಿಗೆ 68, ಹೆಂಡತಿಗೆ 60 ಅಂತಿದ್ದರೆ ಹೊಸದಾಗಿ ಹೌಸಿಂಗ್ ಬೆನಿಫಿಟ್ ಸಿಗುವುದಿಲ್ಲ. 2019ರ ಮೇ ತಿಂಗಳಿನಿಂದ ಇಂಥ ದಂಪತಿ ಯೂನಿವರ್ಸಲ್ ಕ್ರೆಡಿಟ್ಟಿಗೇ ಅರ್ಜಿ ಹಾಕಬೇಕು.

ನಾನು ವರ್ಕ್ ವೀಸಾದಲ್ಲಿ ಇದ್ದೇನೆ. ಟ್ಯಾಕ್ಸ್ ಕಟ್ಟುತ್ತೇನಲ್ಲ, ಕೇಳಬಹುದಲ್ಲವೇ?

ಕೇಳುವ ಹಾಗಿಲ್ಲ. ಇದು ಕಠಿಣ ಅನ್ನಿಸುತ್ತದೆ, ನನಗೂ ಇದು ನ್ಯಾಯ ಅನ್ನಿಸುವುದಿಲ್ಲ, ಆದರೆ ನಿಯಮ ಇರುವುದು ಹಾಗೆ. ಸ್ಕಿಲ್ಡ್ ವರ್ಕರ್, ಹೆಲ್ತ್ ಅಂಡ್ ಕೇರ್, ಸ್ಟೂಡೆಂಟ್, ಗ್ರಾಜುಯೇಟ್, ಅವರ ಡಿಪೆಂಡೆಂಟ್, ಸಾಮಾನ್ಯವಾಗಿ ಈ ಎಲ್ಲ ವೀಸಾಗಳ ಮೇಲೂ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್', ಅಂದರೆ ಸರ್ಕಾರದ ನೆರವಿನ ಹಣ ಪಡೆಯುವ ಹಾಗಿಲ್ಲ ಅನ್ನುವ ಷರತ್ತು ಇರುತ್ತದೆ. ನಿಮ್ಮ ಇ-ವೀಸಾದಲ್ಲಿ ಅದು ಕಾಣುತ್ತದೆ. ಯೂನಿವರ್ಸಲ್ ಕ್ರೆಡಿಟ್, ಹೌಸಿಂಗ್ ಬೆನಿಫಿಟ್, ಚೈಲ್ಡ್ ಬೆನಿಫಿಟ್, ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ ಎಲ್ಲವೂ ಪಬ್ಲಿಕ್ ಫಂಡ್ಸ್ ಪಟ್ಟಿಯಲ್ಲಿವೆ. ಷರತ್ತು ಮೀರಿ ಪಡೆದರೆ ವೀಸಾಕ್ಕೇ ಕುತ್ತು.

ಹಾಗಂತ ಎಲ್ಲ ಬಾಗಿಲೂ ಮುಚ್ಚಿಲ್ಲ. ನೀವು ನ್ಯಾಷನಲ್ ಇನ್ಶೂರೆನ್ಸ್ ಕಟ್ಟಿದ್ದಕ್ಕೆ ಸಿಗುವ ಹಣ ಪಬ್ಲಿಕ್ ಫಂಡ್ ಅಲ್ಲ. ಕೆಲಸ ಹೋದರೆ ನ್ಯೂ ಸ್ಟೈಲ್ ಜಾಬ್‌ಸೀಕರ್ಸ್ ಅಲೋವೆನ್ಸ್ ಇದೆ. ಹಿಂದಿನ ಎರಡು ತೆರಿಗೆ ವರ್ಷಗಳಲ್ಲಿ ಸಾಕಷ್ಟು ಕಟ್ಟಿದವರಿಗೆ ಆರು ತಿಂಗಳವರೆಗೆ ಸಿಗುತ್ತದೆ. ಹೆರಿಗೆ ಭತ್ಯೆ, ಕಾಯಿಲೆ ರಜೆಯ ಸಂಬಳ ಕೂಡ ಹಾಗೆಯೇ. ಒಬ್ಬರೇ ಇರುವವರಿಗೆ ಕೌನ್ಸಿಲ್ ಟ್ಯಾಕ್ಸ್‌ನಲ್ಲಿ ಸಿಗುವ 25 ಶೇಕಡಾ ರಿಯಾಯಿತಿಗೂ ವೀಸಾಕ್ಕೂ ಸಂಬಂಧವಿಲ್ಲ. ಇವು ಬಾಡಿಗೆಯಷ್ಟು ದೊಡ್ಡ ಮೊತ್ತವಲ್ಲ. ಆದರೂ ಬಿಡಬೇಡಿ.

ಮಕ್ಕಳಿದ್ದು, ಮನೆ ಹೋಗುವ ಅಥವಾ ಊಟಕ್ಕೇ ಕಷ್ಟವಾಗುವ ಹಂತಕ್ಕೆ ಬಂದಿದ್ದರೆ ಕೌನ್ಸಿಲ್‌ನ ಮಕ್ಕಳ ಸೇವಾ ವಿಭಾಗಕ್ಕೆ ಹೋಗಿ. 1989ರ ಚಿಲ್ಡ್ರನ್ ಆಕ್ಟ್‌ನ 17ನೇ ಸೆಕ್ಷನ್ ಅಡಿ ಅವರು ವಸತಿಗೂ ಹಣಕ್ಕೂ ನೆರವಾಗಬಹುದು. ಅದು ಕೂಡ ಪಬ್ಲಿಕ್ ಫಂಡ್ ಅಲ್ಲ. ಸಂಗಾತಿಯ ಅಥವಾ ಮಗುವಿನ ಆಧಾರದ ಮೇಲೆ ಕುಟುಂಬ ವೀಸಾದಲ್ಲಿ ಇರುವವರು ಗತಿಯಿಲ್ಲದ ಸ್ಥಿತಿಗೆ ಬಂದರೆ ಆ ಷರತ್ತನ್ನೇ ತೆಗೆಯಿರಿ ಅಂತ ಹೋಮ್ ಆಫೀಸಿಗೆ ಅರ್ಜಿ ಹಾಕಬಹುದು, ಅದಕ್ಕೆ ಶುಲ್ಕವಿಲ್ಲ. ಆದರೆ ಒಬ್ಬ ನೋಂದಾಯಿತ ಇಮಿಗ್ರೇಷನ್ ಸಲಹೆಗಾರರನ್ನು ಕೇಳಿದ ಮೇಲೇ ಹೆಜ್ಜೆ ಇಡಿ. ವಾಟ್ಸ್‌ಆ್ಯಪ್ ಗುಂಪಿನ ಮಾತು ನಂಬಿ ಇಂಥ ಅರ್ಜಿ ಹಾಕಬೇಡಿ.

ನನಗೆ ಐಎಲ್‌ಆರ್ (ಇಲ್ಲಿ ಕಾಯಂ ಆಗಿ ಇರಲು ಅನುಮತಿ) ಇದೆ, ಹೆಂಡತಿ ಇನ್ನೂ ಸ್ಪೌಸ್ ವೀಸಾದಲ್ಲಿ ಇದ್ದಾಳೆ. ನಾನು ಕೇಳಬಹುದಾ?

ಕೇಳಬಹುದು. ಐಎಲ್‌ಆರ್ ಅಥವಾ ಬ್ರಿಟಿಷ್ ಪೌರತ್ವ ಇರುವವರು ಒಂಟಿ ವ್ಯಕ್ತಿಯ ದರದಲ್ಲಿ ಅರ್ಜಿ ಹಾಕಬೇಕು. ಆದರೆ ಅರ್ಜಿಯಲ್ಲಿ ಹೆಂಡತಿಯ ವಿವರವನ್ನೂ ಕೊಡಲೇಬೇಕು. ಅವರ ಸಂಬಳ, ಉಳಿತಾಯ ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಅವರ ಕಾರಣದಿಂದ ನಿಮಗೆ ಹೆಚ್ಚುವರಿ ಹಣ ಬರಬಾರದು ಅನ್ನುವುದು ಇಲ್ಲಿನ ತತ್ವ. ಅವರ ಮುಂದಿನ ವೀಸಾ ಅರ್ಜಿ ಹತ್ತಿರ ಇದ್ದರೆ ಒಮ್ಮೆ ಸಲಹೆ ಪಡೆದು ಮುಂದುವರಿಯಿರಿ. ವಲಸೆ ನಿಯಮಗಳು ಈಗ ಬೇಗ ಬೇಗ ಬದಲಾಗುತ್ತಿವೆ.

ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೂ ಒಂದು ಕಡೆ ತಡೆ ಬರಬಹುದು. ಕೆಲವು ವರ್ಷ ಬೆಂಗಳೂರಿನಲ್ಲಿ ಇದ್ದು ವಾಪಸ್ ಬಂದವರಿಗೆ 'ಹ್ಯಾಬಿಚುವಲ್ ರೆಸಿಡೆನ್ಸ್' ಪರೀಕ್ಷೆ ಮಾಡುತ್ತಾರೆ. ಇಲ್ಲೇ ನೆಲೆಸಲು ಬಂದಿದ್ದೀರಿ ಅಂತ ತೋರಿಸಬೇಕು. ಮಕ್ಕಳ ಶಾಲೆ ಸೇರ್ಪಡೆ, ಬಾಡಿಗೆ ಕರಾರು, ಜಿಪಿ ನೋಂದಣಿ, ಅಲ್ಲಿನ ಮನೆ ಬಿಟ್ಟ ದಾಖಲೆ, ಎಲ್ಲ ಇಟ್ಟುಕೊಳ್ಳಿ. ಬಂದ ಮಾರನೆಯ ದಿನವೇ ಹಾಕಿದರೆ ತಿರಸ್ಕಾರವಾಗುವ ಸಾಧ್ಯತೆ ಜಾಸ್ತಿ. ತಿರಸ್ಕಾರವಾದರೂ ಮತ್ತೆ ಹಾಕಬಹುದು.

ಬಾಡಿಗೆ ಪೂರ್ತಿ ಕೊಡುತ್ತಾರಾ?

ಹೆಚ್ಚಿನವರಿಗೆ ಕೊಡುವುದಿಲ್ಲ. ಇದನ್ನು ಮೊದಲೇ ತಿಳಿದುಕೊಂಡರೆ ಮುಂದಿನ ಎಷ್ಟೋ ಸಂಕಟ ತಪ್ಪುತ್ತದೆ.

ಖಾಸಗಿ ಬಾಡಿಗೆಗೆ ಒಂದು ಮೇಲ್ಮಿತಿ ಇದೆ. ಅದರ ಹೆಸರು ಲೋಕಲ್ ಹೌಸಿಂಗ್ ಅಲೋವೆನ್ಸ್, ಚಿಕ್ಕದಾಗಿ ಎಲ್‌ಎಚ್‌ಎ. ದೇಶವನ್ನು ಬಾಡಿಗೆ ಪ್ರದೇಶಗಳಾಗಿ ಹಂಚಿದ್ದಾರೆ. ಒಂದು ಪ್ರದೇಶದಲ್ಲಿ ಎರಡು ಬೆಡ್‌ರೂಮಿನ ನೂರು ಮನೆಗಳ ಬಾಡಿಗೆಯನ್ನು ಕಡಿಮೆಯಿಂದ ಜಾಸ್ತಿಗೆ ಸಾಲಾಗಿ ಬರೆದರೆ ಮೂವತ್ತನೆಯ ಮನೆಯ ಬಾಡಿಗೆ ಎಷ್ಟೋ ಅಷ್ಟು ಮಿತಿ. ಅಂದರೆ ನೂರರಲ್ಲಿ ಎಪ್ಪತ್ತು ಮನೆ ಮೊದಲೇ ಮಿತಿಯ ಮೇಲೆ ಇರುತ್ತವೆ. 2011ಕ್ಕೆ ಮೊದಲು ಇದು ಐವತ್ತನೆಯ ಮನೆಯ ಲೆಕ್ಕ ಇತ್ತು.

ಅದೂ ಕಾಗದದ ಮಾತು. 2016ರಿಂದ ನಾಲ್ಕು ವರ್ಷ ಈ ದರಗಳನ್ನು ಏರಿಸಲೇ ಇಲ್ಲ. 2020ರಲ್ಲಿ ಒಮ್ಮೆ ಸರಿ ಮಾಡಿ ಮತ್ತೆ ನಿಲ್ಲಿಸಿದರು. 2024ರ ಏಪ್ರಿಲ್‌ನಲ್ಲಿ ಮತ್ತೊಮ್ಮೆ ಏರಿಸಿದರು, 2025ರಲ್ಲಿ ಏರಿಸಲಿಲ್ಲ. 2024ರ ದರವೂ 2023ರ ಸೆಪ್ಟೆಂಬರ್‌ವರೆಗಿನ ಬಾಡಿಗೆ ನೋಡಿ ಮಾಡಿದ್ದು. ಅಲ್ಲಿಂದ ಈಚೆಗೆ ಬಾಡಿಗೆ ಎಷ್ಟು ಏರಿದೆ ಅಂತ ನಿಮಗೇ ಗೊತ್ತು. ಹೀಗಾಗಿ ನಿಮ್ಮ ಬಾಡಿಗೆ ಮತ್ತು ಮಿತಿಯ ನಡುವೆ ಅಂತರ ಇದ್ದರೆ ಅದು ನೀವು ದುಂದು ಮಾಡಿದ್ದಕ್ಕಲ್ಲ.

ನಿಮ್ಮ ಪೋಸ್ಟ್‌ಕೋಡ್ ಹಾಕಿದರೆ ದರ ತೋರಿಸುವ ಪುಟ ಸರ್ಕಾರದ ವೆಬ್‌ಸೈಟಿನಲ್ಲಿದೆ. 'ಎಲ್‌ಎಚ್‌ಎ ಡೈರೆಕ್ಟ್' ಅಂತ ಹುಡುಕಿ. ಹೊಸ ಮನೆ ನೋಡುವಾಗಲೂ ಮೊದಲು ಅಲ್ಲಿ ನೋಡಿ, ಆಮೇಲೆ ಏಜೆಂಟ್ ಹತ್ತಿರ ಹೋಗಿ. ಬಾಡಿಗೆ ಮಿತಿಗಿಂತ ಕಡಿಮೆ ಇದ್ದರೆ ಲೆಕ್ಕಕ್ಕೆ ಬರುವುದು ಬಾಡಿಗೆಯಷ್ಟೇ, ಮಿಕ್ಕಿದ್ದು ನಿಮಗೆ ಸಿಗುವುದಿಲ್ಲ. ಕರೆಂಟು, ಗ್ಯಾಸು, ನೀರಿನ ಬಿಲ್ಲಿಗೆ ಇದರಲ್ಲಿ ಹಣ ಇಲ್ಲ.

ಎಷ್ಟು ಬೆಡ್‌ರೂಮಿಗೆ ಲೆಕ್ಕ ಹಾಕುತ್ತಾರೆ?

ನೀವು ಇರುವ ಮನೆಯಲ್ಲಿ ಎಷ್ಟಿದೆ ಅಂತಲ್ಲ, ನಿಮ್ಮ ಕುಟುಂಬಕ್ಕೆ ಎಷ್ಟು ಬೇಕು ಅಂತ ಅವರ ಲೆಕ್ಕ. ದಂಪತಿಗೆ ಒಂದು. 16 ತುಂಬಿದ ಪ್ರತಿಯೊಬ್ಬರಿಗೆ ಒಂದು. 16ರೊಳಗಿನ ಇಬ್ಬರು ಗಂಡುಮಕ್ಕಳು ಅಥವಾ ಇಬ್ಬರು ಹೆಣ್ಣುಮಕ್ಕಳಿಗೆ ಸೇರಿ ಒಂದು. ಹತ್ತು ವರ್ಷದೊಳಗಿನ ಯಾವುದೇ ಇಬ್ಬರು ಮಕ್ಕಳಿಗೆ ಸೇರಿ ಒಂದು. ಎಷ್ಟೇ ದೊಡ್ಡ ಕುಟುಂಬವಾದರೂ ನಾಲ್ಕಕ್ಕಿಂತ ಹೆಚ್ಚಿಲ್ಲ. ರಾತ್ರಿ ಉಳಿದು ನೋಡಿಕೊಳ್ಳುವ ಆರೈಕೆದಾರರು ಬೇಕಿದ್ದರೆ ಅವರಿಗೆ ಒಂದು ಕೋಣೆ ಸೇರಿಸಬಹುದು.

ಮಗಳಿಗೆ ಹತ್ತು ತುಂಬಿತು, ತಮ್ಮನಿಗೆ ಏಳು ಅಂದರೆ ಆಗಿನಿಂದ ನಿಮಗೆ ಇನ್ನೊಂದು ಕೋಣೆಯ ದರ ಸಲ್ಲಬೇಕು. ಮುಂದಿನ ಸ್ಟೇಟ್‌ಮೆಂಟ್‌ನಲ್ಲಿ ಬದಲಾಗಿದೆಯಾ ಅಂತ ನೋಡಿ, ಇಲ್ಲದಿದ್ದರೆ ಜರ್ನಲ್‌ನಲ್ಲಿ (ನಿಮ್ಮ ಯೂನಿವರ್ಸಲ್ ಕ್ರೆಡಿಟ್ ಆನ್‌ಲೈನ್ ಖಾತೆಯ ಸಂದೇಶದ ಪುಟ) ಬರೆಯಿರಿ.

ನನಗೆ 28 ವರ್ಷ, ಒಬ್ಬನೇ ಇದ್ದೇನೆ. ಸ್ಟುಡಿಯೋ ಫ್ಲ್ಯಾಟಿಗೆ ಸಿಗುತ್ತದಾ?

35 ತುಂಬದ ಒಂಟಿ ವ್ಯಕ್ತಿಗೆ, ಮಕ್ಕಳಿಲ್ಲದಿದ್ದರೆ, ಹಂಚಿಕೊಂಡ ಮನೆಯ ಒಂದು ರೂಮಿನ ದರವಷ್ಟೇ. 2012ಕ್ಕೆ ಮೊದಲು ಈ ವಯಸ್ಸು 25 ಇತ್ತು. ಸ್ಟುಡಿಯೋದ ಉಳಿದ ಬಾಡಿಗೆ ನಿಮ್ಮ ಕೈಯಿಂದಲೇ ಹೋಗಬೇಕು. ವಿನಾಯಿತಿಗಳಿವೆ: ಪಿಐಪಿಯ (ದೀರ್ಘ ಕಾಯಿಲೆ, ಅಂಗವೈಕಲ್ಯ ಇರುವವರಿಗೆ ಕೊಡುವ ಭತ್ಯೆ) ದಿನನಿತ್ಯದ ಆರೈಕೆ ಭಾಗ ಪಡೆಯುವವರು, 25ರೊಳಗಿನ ಕೇರ್ ಲೀವರ್‌ಗಳು (ಚಿಕ್ಕಂದಿನಲ್ಲಿ ಕೌನ್ಸಿಲ್‌ನ ಆರೈಕೆಯಲ್ಲಿ ಇದ್ದವರು), ಮನೆಯೊಳಗಿನ ಹಿಂಸೆಯಿಂದ ಹೊರಬಂದವರು, ಹಿಂದೆ ಹಾಸ್ಟೆಲ್‌ನಲ್ಲಿ ಮೂರು ತಿಂಗಳು ಇದ್ದ ಮನೆಯಿಲ್ಲದವರು. ಇವರಿಗೆ ಒಂದು ಬೆಡ್‌ರೂಮಿನ ದರ. ಇದು ತಾನಾಗಿ ಸಿಗುತ್ತದೆ ಅಂದುಕೊಳ್ಳಬೇಡಿ, ಹಿಂಸೆಯ ವಿಷಯವಾದರೆ ವೈದ್ಯರು ಅಥವಾ ಸಾಮಾಜಿಕ ಕಾರ್ಯಕರ್ತರಿಂದ ಪತ್ರ ಬೇಕಾಗುತ್ತದೆ.

ಪೂರ್ಣಾವಧಿ ವಿದ್ಯಾರ್ಥಿಗಳಿಗೆ, ಮಕ್ಕಳಿಲ್ಲದಿದ್ದರೆ, ಸಾಮಾನ್ಯವಾಗಿ ಯೂನಿವರ್ಸಲ್ ಕ್ರೆಡಿಟ್ಟೇ ಇಲ್ಲ.

ನಾನು ಕೆಲಸ ಮಾಡುತ್ತಿದ್ದೇನೆ. ಸಂಬಳ ಸಾಲದು. ಕೆಲಸದಲ್ಲಿರುವವರೂ ಕೇಳಬಹುದಾ?

ಖಂಡಿತ. ಇದು ಬಹಳ ಜನಕ್ಕೆ ಗೊತ್ತೇ ಇಲ್ಲ. ಇಂತಿಷ್ಟು ಗಂಟೆ ದುಡಿದರೆ ಸಿಗುವುದಿಲ್ಲ ಅನ್ನುವ ನಿಯಮ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಇಲ್ಲ. ಸಂಬಳ ಏರಿದಂತೆ ನೆರವು ನಿಧಾನವಾಗಿ ಇಳಿಯುತ್ತದೆ.

ಒಂದು ಲೆಕ್ಕ ನೋಡೋಣ. ದಂಪತಿ, ಇಬ್ಬರಿಗೂ 25 ದಾಟಿದೆ, 2017ರ ಏಪ್ರಿಲ್ ನಂತರ ಹುಟ್ಟಿದ ಒಂದು ಮಗು. ಬಾಡಿಗೆ 1,050 ಪೌಂಡ್, ಆ ಪ್ರದೇಶದ ಎರಡು ಬೆಡ್‌ರೂಮ್ ಮಿತಿ 900 ಅಂದುಕೊಳ್ಳಿ. ದಂಪತಿಯ ಮೂಲ ಮೊತ್ತ 628.10, ಮಗುವಿಗೆ 292.81, ಬಾಡಿಗೆಗೆ 900. ಒಟ್ಟು 1,820.91. ಗಂಡ ಕೆಲಸದಲ್ಲಿದ್ದಾನೆ, ತೆರಿಗೆ ಕಳೆದು ಕೈಗೆ 1,400 ಬರುತ್ತದೆ. ಮಕ್ಕಳಿರುವವರಿಗೆ, ಬಾಡಿಗೆ ನೆರವೂ ಇದ್ದರೆ, ಸಂಬಳದ ಮೊದಲ 411 ಪೌಂಡ್ ಲೆಕ್ಕಕ್ಕಿಲ್ಲ. ಉಳಿದ 989ರಲ್ಲಿ 55 ಶೇಕಡಾ, ಅಂದರೆ 543.95 ಕಡಿತ. ಕೈಗೆ ಬರುವ ಯೂನಿವರ್ಸಲ್ ಕ್ರೆಡಿಟ್ 1,276.96. ಸಂಬಳದ ಮೇಲೆ ಇಷ್ಟು. ಬಾಡಿಗೆಯ 150 ಪೌಂಡ್ ಅಂತರ ಮಾತ್ರ ಉಳಿದೇ ಇದೆ.

ಮಕ್ಕಳೂ ಇಲ್ಲ, ದುಡಿಯುವ ಶಕ್ತಿ ಕುಂದಿಸುವ ಕಾಯಿಲೆಯೂ ಇಲ್ಲ ಅಂದರೆ ಆ 411ರ ರಿಯಾಯಿತಿ ಇಲ್ಲ, ಮೊದಲ ಪೌಂಡಿನಿಂದಲೇ 55 ಶೇಕಡಾ ಕಡಿತ.

ಯಾವಾಗ ಅರ್ಜಿ ಹಾಕಬೇಕು? ಹಣ ಯಾವಾಗ ಬರುತ್ತದೆ?

ಹಕ್ಕು ಬಂದ ದಿನವೇ. ಅರ್ಜಿ ಹಾಕಿದ ದಿನದಿಂದ ಒಂದು ತಿಂಗಳು ಲೆಕ್ಕದ ಅವಧಿ, ಆಮೇಲೆ ಏಳು ದಿನ. ಅಂದರೆ ಮೊದಲ ಹಣಕ್ಕೆ ಸುಮಾರು ಐದು ವಾರ. ಒಂದು ವಾರ ಯೋಚಿಸುತ್ತಾ ಕೂತರೆ ಆ ಒಂದು ವಾರದ ಹಣ ಹೋಯಿತು. ಹಿಂದಿನ ದಿನಾಂಕದಿಂದ ಕೊಡಿ ಅಂತ ಕೇಳಲು ಅವಕಾಶ ಇದೆ. ಆದರೆ ಒಂದು ತಿಂಗಳಷ್ಟೇ, ಅದೂ ಆಸ್ಪತ್ರೆಯಲ್ಲಿ ಇದ್ದೆ ಅನ್ನುವಂಥ ಕೆಲವೇ ಕಾರಣಗಳಿಗೆ. 'ಗೊತ್ತಿರಲಿಲ್ಲ' ಅನ್ನುವುದು ಕಾರಣವಲ್ಲ. ಪೆನ್ಷನ್ ವಯಸ್ಸಿನವರ ಹೌಸಿಂಗ್ ಬೆನಿಫಿಟ್ ಮಾತ್ರ ಮೂರು ತಿಂಗಳು ಹಿಂದಕ್ಕೆ ಸಿಗುತ್ತದೆ.

ಒಂದು ಸೂಕ್ಷ್ಮ ಇದೆ. ಕೊನೆಯ ದೊಡ್ಡ ಸಂಬಳ ಎರಡು ಮೂರು ದಿನದಲ್ಲಿ ಬರುವುದಿದ್ದರೆ ಅದು ಮೊದಲ ಲೆಕ್ಕದ ತಿಂಗಳೊಳಗೆ ಬಿದ್ದು ಆ ತಿಂಗಳ ನೆರವನ್ನೇ ತಿಂದುಹಾಕಬಹುದು. ಆಗ ಸಂಬಳ ಕೈಸೇರಿದ ಮಾರನೆಯ ದಿನ ಹಾಕುವುದು ಒಳ್ಳೆಯದಾಗಬಹುದು. ಸಿಟಿಜನ್ಸ್ ಅಡ್ವೈಸ್‌ನವರ 'ಹೆಲ್ಪ್ ಟು ಕ್ಲೇಮ್' ಸೇವೆ ಉಚಿತ, ಅವರನ್ನು ಕೇಳಿ ನಿರ್ಧರಿಸಿ. ಹುದ್ದೆಯೇ ರದ್ದಾದಾಗ ಕಾನೂನಿನಂತೆ ಸಿಗುವ ರಿಡಂಡೆನ್ಸಿ ಪರಿಹಾರವನ್ನು ಸಂಬಳ ಅನ್ನುವುದಿಲ್ಲ, ಉಳಿತಾಯದ ಲೆಕ್ಕಕ್ಕೆ ಸೇರಿಸುತ್ತಾರೆ.

ಐದು ವಾರ ತಡೆಯಲಾಗದಿದ್ದರೆ ಮುಂಗಡ ಕೇಳಬಹುದು. ಅದು ಬಡ್ಡಿಯಿಲ್ಲದ ಸಾಲ, 24 ತಿಂಗಳಲ್ಲಿ ಮುಂದಿನ ಕಂತುಗಳಿಂದ ಹಿಡಿದುಕೊಳ್ಳುತ್ತಾರೆ. ಬಾಡಿಗೆಗೆ ಎಷ್ಟು ಬೇಕೋ ಅಷ್ಟೇ ತೆಗೆದುಕೊಳ್ಳಿ.

ಊರಿನಲ್ಲಿ ಸೈಟು, ಜಮೀನು, ಎಫ್‌ಡಿ ಇದೆ. ಹೇಳಬೇಕಾ?

ಹೇಳಬೇಕು. ನಮ್ಮ ಜನ ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ಉಳಿತಾಯ ಎಂದರೆ ಇಲ್ಲಿನ ಬ್ಯಾಂಕಿನಲ್ಲಿರುವುದು ಮಾತ್ರ ಅಂತ ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಮೈಸೂರಿನ ಸೈಟು, ಹಾಸನದ ತೋಟ, ಎನ್‌ಆರ್‌ಇ ಖಾತೆಯ ಎಫ್‌ಡಿ, ಮ್ಯೂಚುವಲ್ ಫಂಡು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಒಟ್ಟು 16,000 ಪೌಂಡ್ ದಾಟಿದರೆ ಯೂನಿವರ್ಸಲ್ ಕ್ರೆಡಿಟ್ ಇಲ್ಲ. 6,000ದವರೆಗೆ ತೊಂದರೆಯಿಲ್ಲ. ನಡುವೆ ಇದ್ದರೆ ಪ್ರತಿ 250 ಪೌಂಡಿಗೆ ತಿಂಗಳಿಗೆ 4.35 ಪೌಂಡ್ ಕಡಿತ. ಇವತ್ತಿನ ಬೆಂಗಳೂರಿನ ಬೆಲೆಯಲ್ಲಿ ಒಂದು ಸೈಟೇ ಸಾಕು ಮಿತಿ ದಾಟಲು.

ಕೆಲವು ವಿನಾಯಿತಿ ನಿಮಗೆ ಅನ್ವಯಿಸಬಹುದು. ನಿಮ್ಮ ಹೆಸರಿನ ಮನೆಯಲ್ಲಿ ಪೆನ್ಷನ್ ವಯಸ್ಸು ದಾಟಿದ ನಿಮ್ಮ ತಾಯಿಯೋ ತಂದೆಯೋ ವಾಸವಿದ್ದರೆ ಆ ಮನೆಯನ್ನು ಲೆಕ್ಕದಿಂದ ಬಿಡುತ್ತಾರೆ. ಮಾರಾಟಕ್ಕೆ ಇಟ್ಟಿರುವ ಆಸ್ತಿಗೆ ಆರು ತಿಂಗಳ ಅವಕಾಶ ಇದೆ. ಜಂಟಿ ಆಸ್ತಿಯಾದರೆ ನಿಮ್ಮ ಪಾಲು ಮಾತ್ರ. ಅಣ್ಣತಮ್ಮಂದಿರ ನಡುವೆ ಭಾಗವಾಗದ ಪಿತ್ರಾರ್ಜಿತ ಜಮೀನಿನ ಬೆಲೆ ಕಟ್ಟುವುದು ತಕರಾರಿನ ವಿಷಯ. ಪಹಣಿ, ಖಾತೆ, ವಂಶವೃಕ್ಷ ಎಲ್ಲ ಸಿದ್ಧ ಮಾಡಿಕೊಂಡು ವೆಲ್ಫೇರ್ ರೈಟ್ಸ್ ಸಲಹೆಗಾರರ ಹತ್ತಿರ ಹೋಗಿ. ಮಾರಲಾಗದ ತುಂಡು ಪಾಲಿಗೆ ಪೂರ್ತಿ ಬೆಲೆ ಕಟ್ಟಿದರೆ ಪ್ರಶ್ನಿಸಬಹುದು.

ಅರ್ಜಿಗೆ ಮೊದಲು ತಂಗಿಯ ಹೆಸರಿಗೆ ಬರೆದುಕೊಟ್ಟರೆ ಆಯಿತಲ್ಲ ಅಂತ ಕೇಳುವವರಿದ್ದಾರೆ. ನೆರವು ಪಡೆಯಲೆಂದೇ ಆಸ್ತಿ ದಾಟಿಸಿದ್ದೀರಿ ಅಂತ ಕಂಡರೆ ಅದು ನಿಮ್ಮ ಬಳಿಯೇ ಇದೆ ಅಂತ ಲೆಕ್ಕ ಹಾಕುತ್ತಾರೆ. ಮುಚ್ಚಿಟ್ಟರೆ ವಂಚನೆ ಕೇಸು. ಭಾರತದ ಬ್ಯಾಂಕ್ ಖಾತೆಗಳ ಮಾಹಿತಿ ಎರಡು ದೇಶಗಳ ತೆರಿಗೆ ಇಲಾಖೆಗಳ ನಡುವೆ ಹೋಗಿಬರುತ್ತದೆ ಅನ್ನುವುದೂ ನೆನಪಿರಲಿ.

ಯಾವ ದಾಖಲೆ ಬೇಕು?

ಬಾಡಿಗೆ ಕರಾರು, ಬಾಡಿಗೆ ಕಟ್ಟಿದ ಬ್ಯಾಂಕ್ ಸ್ಟೇಟ್‌ಮೆಂಟ್, ಮಾಲೀಕರ ಅಥವಾ ಏಜೆಂಟರ ವಿಳಾಸ, ನಿಮ್ಮ ಗುರುತು, ವೀಸಾ ಸ್ಥಿತಿಯ ಶೇರ್ ಕೋಡ್. ಬಾಯಿಮಾತಿನ ಬಾಡಿಗೆಯಾದರೆ ಮಾಲೀಕರಿಂದ ಒಂದು ಸಹಿ ಮಾಡಿದ ಪತ್ರ ತನ್ನಿ. ನಗದಾಗಿ ಬಾಡಿಗೆ ಕೊಡುವುದನ್ನು ಇವತ್ತೇ ನಿಲ್ಲಿಸಿ, ಬ್ಯಾಂಕಿನ ಮೂಲಕ ಕೊಡಿ. ಇಂಗ್ಲಿಷ್ ಕಷ್ಟವಾದರೆ ಫೋನಿನಲ್ಲಿ ದುಭಾಷಿ ಬೇಕು ಅಂತ ಕೇಳಿ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಮಕ್ಕಳನ್ನು ದುಭಾಷಿ ಮಾಡಿಕೊಂಡು ಮನೆಯ ಸಾಲದ ವಿಷಯ ಮಾತಾಡುವ ಅಗತ್ಯವಿಲ್ಲ.

ಸಂಬಂಧಿಕರ ಮನೆಯಲ್ಲಿ ಬಾಡಿಗೆಗೆ ಇದ್ದೇನೆ. ಸಿಗುತ್ತದಾ?

ಅಣ್ಣನೋ ಅತ್ತೆ ಮಾವನೋ ಮಾಲೀಕರಾಗಿದ್ದು ಅವರೂ ಅದೇ ಮನೆಯಲ್ಲಿ ಇದ್ದರೆ ಸಿಗುವುದಿಲ್ಲ. ಅವರು ಬೇರೆ ಕಡೆ ಇದ್ದು, ನಿಜವಾದ ಕರಾರು ಇದ್ದು, ಕಟ್ಟದಿದ್ದರೆ ಖಾಲಿ ಮಾಡಿಸುವಂಥ ನಿಜವಾದ ವ್ಯವಹಾರ ಆಗಿದ್ದರೆ ಸಿಗಬಹುದು. ಸಂಬಂಧಿಕರಲ್ಲದ ಮಾಲೀಕರ ಮನೆಯಲ್ಲೇ ಒಂದು ರೂಮು ಹಿಡಿದಿದ್ದರೆ ತೊಂದರೆಯಿಲ್ಲ.

ಮಗ ಓದು ಮುಗಿಸಿ ಕೆಲಸಕ್ಕೆ ಸೇರಿದ್ದಾನೆ, ನಮ್ಮ ಜೊತೆಯೇ ಇದ್ದಾನೆ.

ಅವನಿಗೆ 21 ತುಂಬಿದ್ದರೆ ನಿಮ್ಮ ಬಾಡಿಗೆ ಭಾಗದಿಂದ ತಿಂಗಳಿಗೆ 93.02 ಪೌಂಡ್ ಕಡಿತ. ಅವನು ನಿಮಗೆ ಕೊಡುತ್ತಾನೋ ಇಲ್ಲವೋ ಅಂತ ಅವರು ನೋಡುವುದಿಲ್ಲ. ಅಷ್ಟನ್ನು ಅವನಿಂದ ತೆಗೆದುಕೊಳ್ಳುವುದು ತಪ್ಪಲ್ಲ, ಮಗನ ಹತ್ತಿರ ಬಾಡಿಗೆ ಕೇಳುವುದು ಹೇಗೆ ಅಂತ ಮುಜುಗರ ಪಡಬೇಡಿ. ನಿಮಗೆ ಪಿಐಪಿಯ ದಿನನಿತ್ಯದ ಆರೈಕೆ ಭಾಗ ಬರುತ್ತಿದ್ದರೆ ಈ ಕಡಿತ ಇಲ್ಲ.

ಹಣ ನನ್ನ ಕೈಗೆ ಬರುತ್ತದಾ, ಮಾಲೀಕರಿಗೆ ಹೋಗುತ್ತದಾ?

ಇಂಗ್ಲೆಂಡಿನಲ್ಲಿ ನಿಮ್ಮ ಖಾತೆಗೆ ಬರುತ್ತದೆ, ತಿಂಗಳಿಗೊಮ್ಮೆ. ಕಟ್ಟುವ ಜವಾಬ್ದಾರಿ ನಿಮ್ಮದು. ಎರಡು ತಿಂಗಳ ಬಾಕಿ ಆದರೆ ಮಾಲೀಕರು ನೇರವಾಗಿ ಕೊಡಿ ಅಂತ ಕೇಳಬಹುದು. ನಿಮಗೆ ಹಣ ನಿಭಾಯಿಸಲು ಕಷ್ಟವಿದ್ದರೆ ನೀವೇ ಕೇಳಬಹುದು. ಹಣ ಬರುವ ದಿನ ಒಂದು, ಬಾಡಿಗೆಯ ದಿನ ಇನ್ನೊಂದು ಆಗಿದ್ದರೆ ಬಾಡಿಗೆ ದಿನ ಬದಲಿಸಿಕೊಡಿ ಅಂತ ಮಾಲೀಕರಿಗೆ ಪತ್ರ ಬರೆಯಿರಿ. ಎಷ್ಟೋ ಮಾಲೀಕರು ಒಪ್ಪುತ್ತಾರೆ.

ನೆರವು ಪಡೆಯುವವರಿಗೆ ಮನೆ ಕೊಡುವುದಿಲ್ಲ ಅನ್ನುತ್ತಾರೆ. ಇದು ಸರಿಯಾ?

ಸರಿಯಲ್ಲ. 'ನೋ ಡಿಎಸ್ಎಸ್' (ಸರ್ಕಾರದ ನೆರವು ಪಡೆಯುವವರು ಬೇಡ) ಅಂತ ಜಾಹೀರಾತಿನಲ್ಲೇ ಹಾಕುತ್ತಿದ್ದ ಕಾಲ ಇತ್ತು. 2020ರಲ್ಲಿ ಯಾರ್ಕ್ ಕೌಂಟಿ ಕೋರ್ಟ್ ಇಂಥ ಸಾರಾಸಗಟು ನಿರಾಕರಣೆ ಕಾನೂನುಬಾಹಿರ ಅಂದಿತು. ಇದರಿಂದ ಹೆಂಗಸರಿಗೂ ಅಂಗವಿಕಲರಿಗೂ ಹೆಚ್ಚು ಪೆಟ್ಟು ಬೀಳುತ್ತದೆ ಅನ್ನುವುದು ಕಾರಣ. 2025ರ ರೆಂಟರ್ಸ್ ರೈಟ್ಸ್ ಆಕ್ಟ್ ಇದನ್ನು ನೇರವಾಗಿಯೇ ನಿಷೇಧಿಸಿದೆ. ಮಕ್ಕಳಿದ್ದಾರೆ ಅಂತ ನಿರಾಕರಿಸುವುದನ್ನೂ ನಿಷೇಧಿಸಿದೆ. ಅದರ ಮುಖ್ಯ ನಿಯಮಗಳು ಜಾರಿಗೆ ಬರುವ ದಿನ 2026ರ ಮೇ 1.

ನಿಮ್ಮ ಆದಾಯಕ್ಕೆ ಆ ಬಾಡಿಗೆ ನಿಲುಕುತ್ತದಾ ಅಂತ ಮಾಲೀಕರು ನೋಡಬಹುದು. ಯೂನಿವರ್ಸಲ್ ಕ್ರೆಡಿಟ್ ಕೂಡ ಆದಾಯವೇ, ಅದನ್ನು ಸೇರಿಸಿ ತೋರಿಸಿ. ಆರು ತಿಂಗಳ ಬಾಡಿಗೆ ಒಟ್ಟಿಗೆ ಕೊಡಿ ಅನ್ನುವ ರೂಢಿಗೂ ಅದೇ ಕಾನೂನು ತಡೆ ಹಾಕಿದೆ, ಮೊದಲೇ ಕೇಳಬಹುದಾದ್ದು ಒಂದು ತಿಂಗಳದ್ದು. ಡಿಪಾಸಿಟ್ ಬೇರೆ, ಅದು ಐದು ವಾರದ ಬಾಡಿಗೆ ಮೀರಬಾರದು. ಡಿಪಾಸಿಟ್ಟಿಗೆ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಹಣ ಇಲ್ಲ, ಕೌನ್ಸಿಲ್ಲಿನವರ ಡಿಪಾಸಿಟ್ ಯೋಜನೆ ಇದೆಯಾ ಕೇಳಿ.

ಮಿತಿಗೂ ಬಾಡಿಗೆಗೂ ಇರುವ ಅಂತರವನ್ನು ಎಲ್ಲಿಂದ ತುಂಬಲಿ?

ಕೌನ್ಸಿಲ್ಲಿಗೆ ಅರ್ಜಿ ಹಾಕಿ. ಬಾಡಿಗೆ ನೆರವು ಸಾಲದವರಿಗೆಂದೇ ಡಿಸ್ಕ್ರೆಷನರಿ ಹೌಸಿಂಗ್ ಪೇಮೆಂಟ್ ಅನ್ನುವ ಹಣ ಇತ್ತು. ಇಂಗ್ಲೆಂಡಿನಲ್ಲಿ 2026ರ ಏಪ್ರಿಲ್‌ನಿಂದ ಅದು ಕ್ರೈಸಿಸ್ ಅಂಡ್ ರೆಸಿಲಿಯನ್ಸ್ ಫಂಡ್ ಒಳಗೆ ಸೇರುತ್ತದೆ. ಕೇಳುವ ಜಾಗ ಅದೇ ಕೌನ್ಸಿಲ್. ಇದು ಹಕ್ಕಲ್ಲ, ಅವರ ವಿವೇಚನೆ. ಅದಕ್ಕೇ ಅರ್ಜಿಯನ್ನು ಚೆನ್ನಾಗಿ ಬರೆಯಬೇಕು. 'ಬಾಡಿಗೆ ಜಾಸ್ತಿ' ಅಂತಷ್ಟೇ ಬರೆದರೆ ಸಾಲದು. ಮಗಳು ಮುಂದಿನ ವರ್ಷ ಜಿಸಿಎಸ್ಇ ಬರೆಯುತ್ತಾಳೆ, ಈಗ ಶಾಲೆ ಬದಲಿಸಲಾಗದು. ಅಪ್ಪನ ಡಯಾಲಿಸಿಸ್ ಇದೇ ಆಸ್ಪತ್ರೆಯಲ್ಲಿ. ಕಡಿಮೆ ಬಾಡಿಗೆಯ ಮನೆಗೆ ಹುಡುಕಿದೆವು, ಇಗೋ ಏಜೆಂಟರ ಇಮೇಲ್‌ಗಳು. ಹೀಗೆ ಕಾರಣ ಸಮೇತ ಬರೆಯಿರಿ. ತಿಂಗಳ ಖರ್ಚಿನ ಪಟ್ಟಿಯನ್ನೂ ಲಗತ್ತಿಸಿ. ಕೆಲವು ತಿಂಗಳಿಗೆ ಮಾತ್ರ ಕೊಡುತ್ತಾರೆ, ಮುಗಿಯುವ ಮೊದಲೇ ಮತ್ತೆ ಹಾಕಿ. ಇಲ್ಲ ಅಂದರೆ ಮರುಪರಿಶೀಲಿಸಿ ಅಂತ ಕೇಳಿ.

ಬೆನಿಫಿಟ್ ಕ್ಯಾಪ್ ಅನ್ನುವ ಇನ್ನೊಂದು ಮಿತಿಯೂ ಇದೆ. ಒಟ್ಟು ನೆರವು, ಕುಟುಂಬಕ್ಕೆ ಲಂಡನ್ನಿನ ಹೊರಗೆ ವರ್ಷಕ್ಕೆ 22,020, ಲಂಡನ್ನಿನಲ್ಲಿ 25,323 ಪೌಂಡ್ ಮೀರುವಂತಿಲ್ಲ. ಮೀರಿದ್ದನ್ನು ಯೂನಿವರ್ಸಲ್ ಕ್ರೆಡಿಟ್‌ನಿಂದ ಕತ್ತರಿಸುತ್ತಾರೆ. ಮನೆಯವರ ಸಂಬಳ ತಿಂಗಳಿಗೆ 846 ಪೌಂಡ್ ಮುಟ್ಟಿದರೆ ಈ ಕ್ಯಾಪ್ ಇಲ್ಲ. ವರ್ಷವಿಡೀ ದುಡಿದು ಈಗಷ್ಟೇ ಕೆಲಸ ಕಳೆದುಕೊಂಡವರಿಗೆ ಒಂಬತ್ತು ತಿಂಗಳ ರಿಯಾಯಿತಿ ಇದೆ. ಅದು ನಿಮಗೆ ಕೊಟ್ಟಿದ್ದಾರಾ ನೋಡಿಕೊಳ್ಳಿ.

ಬಾಡಿಗೆ ಏರಿಸಿದ್ದಾರೆ. ಏನು ಮಾಡಲಿ?

ಮೊದಲು ಜರ್ನಲ್‌ನಲ್ಲಿ ತಿಳಿಸಿ, ಅದೇ ಲೆಕ್ಕದ ತಿಂಗಳೊಳಗೆ. ತಡವಾದರೆ ಹಿಂದಿನದ್ದು ಸಿಗುವುದು ಕಷ್ಟ. ಮನೆ ಬದಲಿಸಿದಾಗಲೂ ಹೀಗೇ. ಹೊಸ ಕಾನೂನಿನಲ್ಲಿ ಬಾಡಿಗೆ ವರ್ಷಕ್ಕೆ ಒಮ್ಮೆ ಮಾತ್ರ, ಎರಡು ತಿಂಗಳ ನೋಟಿಸ್ ಕೊಟ್ಟು ಏರಿಸಬಹುದು. ಜಾಸ್ತಿ ಅನ್ನಿಸಿದರೆ ಟ್ರಿಬ್ಯೂನಲ್ಲಿಗೆ ಹೋಗಬಹುದು. ಮಾಲೀಕರು ಕೇಳಿದ್ದಕ್ಕಿಂತ ಹೆಚ್ಚು ಟ್ರಿಬ್ಯೂನಲ್ ನಿಗದಿ ಮಾಡುವಂತಿಲ್ಲ, ಹೆದರಬೇಕಿಲ್ಲ.

ಊರಿಗೆ ಹೋಗಿಬರಬಹುದಾ?

ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಒಂದು ತಿಂಗಳವರೆಗೆ ಹೊರದೇಶದಲ್ಲಿ ಇರಬಹುದು, ಹೋಗುವ ಮೊದಲು ತಿಳಿಸಬೇಕು. ಕೆಲಸ ಹುಡುಕುವ ಷರತ್ತು ಇದ್ದರೆ ಅದು ಅಲ್ಲಿಯೂ ನಿಲ್ಲುವುದಿಲ್ಲ. ಅಲ್ಲಿರುವಾಗ ಹತ್ತಿರದ ಸಂಬಂಧಿ ತೀರಿಕೊಂಡು ತಕ್ಷಣ ಹಿಂತಿರುಗಲಾಗದಿದ್ದರೆ ಇನ್ನೊಂದು ತಿಂಗಳು ಕೊಡಬಹುದು. ವೈಕುಂಠ ಸಮಾರಾಧನೆ ಮುಗಿಸಿ ಬರುತ್ತೇವೆ ಅನ್ನುವವರು ಇದನ್ನು ಅಲ್ಲಿಂದಲೇ ಜರ್ನಲ್‌ನಲ್ಲಿ ಬರೆದು ಕೇಳಬೇಕು. ಪೆನ್ಷನ್ ವಯಸ್ಸಿನವರ ಹೌಸಿಂಗ್ ಬೆನಿಫಿಟ್‌ಗೆ ಮಿತಿ ನಾಲ್ಕು ವಾರ.

ಅಪ್ಪ ಅಮ್ಮನನ್ನು ಇಲ್ಲಿಗೆ ಕರೆಸಿಕೊಂಡಿದ್ದೇವೆ. ಅವರಿಗೆ?

ವಿಸಿಟ್ ವೀಸಾದಲ್ಲಿ ಬಂದವರಿಗೆ ಇಲ್ಲ. ನೀವು ಬರೆದುಕೊಟ್ಟ ಹೊಣೆಪತ್ರದ ಮೇಲೆ ನೆಲೆಸಲು ಬಂದವರಿಗೂ ಸಾಮಾನ್ಯವಾಗಿ ಮೊದಲ ಐದು ವರ್ಷ ಇಲ್ಲ.

ಅರ್ಜಿ ತಿರಸ್ಕಾರವಾಯಿತು, ಇಲ್ಲವೇ ಕಡಿಮೆ ಕೊಟ್ಟರು.

ಒಂದು ತಿಂಗಳೊಳಗೆ 'ಮ್ಯಾಂಡೇಟರಿ ರೀಕನ್ಸಿಡರೇಷನ್', ಅಂದರೆ ನಿರ್ಧಾರದ ಮರುಪರಿಶೀಲನೆ ಕೇಳಿ. ಅದರಲ್ಲೂ ಆಗದಿದ್ದರೆ ಮತ್ತೊಂದು ತಿಂಗಳೊಳಗೆ ಟ್ರಿಬ್ಯೂನಲ್. ಫೀಸು ಇಲ್ಲ. ಎಲ್‌ಎಚ್‌ಎ ದರವೇ ಕಡಿಮೆ ಅಂತ ಮೇಲ್ಮನವಿ ಹಾಕಲಾಗದು, ಆದರೆ ಕೋಣೆಗಳ ಸಂಖ್ಯೆ ತಪ್ಪಾಗಿದೆ, ಉಳಿತಾಯದ ಲೆಕ್ಕ ತಪ್ಪಾಗಿದೆ ಅಂತ ಹಾಕಬಹುದು. ಫೋನಿನಲ್ಲಿ ಹೇಳಿದ್ದನ್ನು ನಂಬಿ ಸುಮ್ನೆ ಇರಬೇಡಿ, ಎಲ್ಲವೂ ಬರಹದಲ್ಲಿ ಇರಲಿ.

ಬಾಕಿ ಆಗಿಬಿಟ್ಟಿದೆ, ಮಾಲೀಕರು ಖಾಲಿ ಮಾಡಿ ಅನ್ನುತ್ತಿದ್ದಾರೆ.

ಮನೆ ಬಿಡಬೇಡಿ. ಬಾಯಲ್ಲಿ ಹೇಳಿದ ಕೂಡಲೇ, ವಾಟ್ಸ್‌ಆ್ಯಪ್ ಬಂದ ಕೂಡಲೇ ಸಾಮಾನು ಕಟ್ಟುವವರಿದ್ದಾರೆ, ಮರ್ಯಾದೆ ಹೋಗುತ್ತದೆ ಅಂತ. ಕೋರ್ಟಿನ ಆದೇಶ ಇಲ್ಲದೆ ಬಾಡಿಗೆದಾರರನ್ನು ಹೊರಹಾಕುವುದು ಅಪರಾಧ. ಬೀಗ ಬದಲಿಸುವುದೂ ಅಪರಾಧ. ನೀವಾಗಿಯೇ ಬಿಟ್ಟುಹೋದರೆ 'ಬೇಕಂತಲೇ ಮನೆ ಕಳೆದುಕೊಂಡರು' ಅಂತ ಕೌನ್ಸಿಲ್ ನಿಮಗೆ ಮನೆ ಕೊಡುವ ಹೊಣೆಯಿಂದ ನುಣುಚಿಕೊಳ್ಳಬಹುದು.

ಕಾರಣ ಹೇಳದೆ ಖಾಲಿ ಮಾಡಿಸುವ ಸೆಕ್ಷನ್ 21 ನೋಟಿಸು 2026ರ ಮೇ 1ರಿಂದ ರದ್ದು. ಬಾಕಿಯ ಕಾರಣಕ್ಕೆ ಕೋರ್ಟು ಕಡ್ಡಾಯವಾಗಿ ಖಾಲಿ ಮಾಡಿಸಬೇಕಾದರೆ ಮೂರು ತಿಂಗಳ ಬಾಕಿ ಇರಬೇಕು, ನಾಲ್ಕು ವಾರದ ನೋಟಿಸ್ ಕೊಟ್ಟಿರಬೇಕು. ಯೂನಿವರ್ಸಲ್ ಕ್ರೆಡಿಟ್‌ನ ಬಾಡಿಗೆ ಭಾಗ ಇನ್ನೂ ಬರಬೇಕಿದೆ ಅನ್ನುವ ಕಾರಣದಿಂದ ಆದ ಬಾಕಿಯನ್ನು ಆ ಮೂರು ತಿಂಗಳಲ್ಲಿ ಎಣಿಸುವಂತಿಲ್ಲ. ಆದ್ದರಿಂದ ಅರ್ಜಿ ಹಾಕಿದ ದಿನಾಂಕದ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಮಾಲೀಕರಿಗೆ ಅವತ್ತೇ ಇಮೇಲ್ ಮಾಡಿ: ಅರ್ಜಿ ಹಾಕಿದ್ದೇನೆ, ಇಂಥ ದಿನ ಹಣ ಬರುತ್ತದೆ, ಅಲ್ಲಿಯವರೆಗೆ ಇಷ್ಟು ಕಟ್ಟುತ್ತೇನೆ. ನೋಟಿಸ್ ಕೈಗೆ ಬಂದರೆ ಕೌನ್ಸಿಲ್ಲಿನ ವಸತಿ ವಿಭಾಗಕ್ಕೆ ತಿಳಿಸಿ, ಶೆಲ್ಟರ್ ಸಂಸ್ಥೆಯ ಸಹಾಯವಾಣಿಗೆ ಫೋನ್ ಮಾಡಿ. ಕೋರ್ಟಿನ ಪತ್ರ ಬಂದರೆ ವಿಚಾರಣೆಗೆ ಹೋಗಲೇಬೇಕು. ಅಲ್ಲೇ ಉಚಿತ ಡ್ಯೂಟಿ ಸಲಹೆಗಾರರು ಸಿಗುತ್ತಾರೆ. ಅರ್ಧ ಗಂಟೆ ಮೊದಲೇ ಹೋಗಿ, ಬಾಡಿಗೆ ಕರಾರು ಮತ್ತು ಜರ್ನಲ್‌ನ ಪ್ರತಿ ಅವರ ಕೈಗೆ ಕೊಡಿ.